ಕರಪತ್ರದ ಕರಡು

ರವಿವಾರ ಸಂಜಿ ಶಟರ್ ಅರ್ಧ ಎಳದಿದ್ದೆ,
ಬಗ್ಗಿ ಒಳಗ ಬಂದ್ರು ನಾಕು ಮಂದಿ.
ಮೈಮ್ಯಾಲ ಬೆಟಗೇರಿ ಮೈದಾನದ ಧೂಳು,
ಆಡಿದ ಧೂಳಲ್ಲ, ಕುಂತು ನೋಡಿದ ಧೂಳು.
'ಐನೂರು ಕರಪತ್ರ, ನಾಳೆ ಮುಂಜಾನಿಗೇ ಬೇಕ್ರಿ.
ಬಣ್ಣ ಕೆಂಪು. ಅಕ್ಷರ ದಪ್ಪ.'
ಅವತ್ತು ಏಳನೇ ಸೋಲು. ನಾಕು–ಸೊನ್ನೆ,
ಅದೂ ರೋಣದವರ ಕೂಡ.

ತಲೆಬರಹ ಬರೆಸಿದಾವ ದೊಂಡೂಸಾ ಕಬಾಡಿ:
'ಎಜ್ರಾ ಮಾಸ್ತರನ್ನ ವಜಾ ಮಾಡ್ರಿ.'
ಮೊಳಿ ಜೋಡಸೂ ಕಾಲ ಹೋತು, ಈಗ ಕೀಲಿಮಣಿ,
ಆದ್ರೂ ಬೆರಳಿಗೆ ಗೊತ್ತು, ಯಾವ ಅಕ್ಷರ ಎಷ್ಟು ಭಾರ.
'ವ' ಹೊಡದೆ. 'ಜಾ' ಹೊಡದೆ.
'ತಡೀರಿ,' ಅಂದ ದಾವಲಸಾಬ,
'ವಜಾ ಅನ್ನೂದು ಪಗಾರ ಕೊಟ್ಟವರ ಮಾತು.
ಆ ಮನುಷ್ಯಾಗ ನಾವು ಏನು ಕೊಟ್ಟೇವಿ?
ದಸರಾಕ್ಕೊಂದು ಶಾಲು. ಅದೂ ಹೋದ ವರ್ಷ ಇಲ್ಲ.'

'ಹಂಗಾದ್ರ ವಿಶ್ರಾಂತಿ ಅಂತ ಹಾಕ್ರಿ.'
'ವಿಶ್ರಾಂತಿ ಅಂದ್ರ ತಿಥಿ ಕಾರ್ಡ್ ಕಂಡಂಗ ಕಾಣ್ತೈತಿ.'
'ಬದಲಾವಣಿ?'
'ಅದನ್ನ ಎಲ್ಲಾ ಪಕ್ಷದವರೂ ಹೊಡಸ್ಯಾರ, ಇದ ಪ್ರೆಸ್ಸಿನ್ಯಾಗ.'
ನನಗ ನಗಿ ಬಂತು. ಯಾರೂ ನಗಲಿಲ್ಲ.

ಕಳಕಪ್ಪ ಲೆಕ್ಕದವ, ಸೊಸೈಟಿಯ ಗುಮಾಸ್ತ.
ಕಿಸೆಯಿಂದ ಚೀಟಿ ತಗದು ಓದಿದ:
ಬಿಟ್ಟ ಗೋಲು ಇಪ್ಪತ್ತೆರಡು, ಹೊಡದದ್ದು ಮೂರು,
ಮೂರರೊಳಗ ಒಂದು ಎದುರಿನವರ ಕಾಲಿಂದ.
'ಇದಕ್ಕ ಯಾರು ಹೊಣಿ?
ಮಗ್ಗ ಕೆಟ್ಟರ ನೂಲಿಗೆ ಬೈತಾರೇನು?'
'ನೂಲ ಲಡ್ಡಾಗಿದ್ರ ಮಗ್ಗ ಏನ್ ಮಾಡೀತು?
ಗೋಲಿ ಪೆಟ್ರೋಲ್ ಬಂಕಿನ್ಯಾಗ ರಾತ್ರಿಪಾಳಿ ಮುಗಿಸಿ ಬಂದಿದ್ದ.
ಎರಡನೇ ಚೆಂಡು ಬರೂಮುಂದ ಆಕಳಿಸ್ತಿದ್ದ. ನಾ ನೋಡೇನಿ.'
'ಅವನ್ನ ನಿಲ್ಲಿಸಿದಾವ ಯಾರು?'
'ಬ್ಯಾರೆ ಯಾರಿದ್ರು ನಿಲ್ಲಸಾಕ?'

ನಾಕನೆಯವ ಮಾತಾಡಿರಲಿಲ್ಲ,
ಕತ್ತರಿಸಿ ಬಿದ್ದ ಕಾಗದದ ಅಂಚು ಬೆರಳಿಗೆ ಸುತ್ತತಿದ್ದ.
ಮಾಸ್ತರನ ಅಳಿಯ ಅಂತ ಆಮ್ಯಾಲೆ ಗೊತ್ತಾತು.
'ಹೊಡೀರಿ,' ಅಂದ, 'ಅವರ ಮಂಡಿಗಾದ್ರೂ ಆರಾಮ ಸಿಗಲಿ.
ರಾತ್ರಿ ಉಪ್ಪುನೀರಾಗ ಕಾಲಿಟ್ಟು
ಹೊಸ್ತಿಲ ಮುಂದ ಕಾಳು ಹರವತಾರ,
ಹನ್ನೊಂದು ಕಡ್ಲಿ, ಹನ್ನೊಂದು ಅಲಸಂದಿ.
ಕಡ್ಲಿ ನಾವು.
ಎಷ್ಟು ಸರಿಸಿದ್ರೂ ಎಲ್ಲೋ ಒಂದು ಸಂದಿ ಉಳೀತೈತಿ.
ಮುಂಜಾನೆ ನಮ್ಮತ್ತಿ ಎರಡೂ ಕೂಡಿಸಿ ಉಸುಳಿ ಮಾಡ್ತಾಳ.'

ಪಂಖಾ ಒಂದ ತಿರುಗತಿತ್ತು.
ನಾ ಹೇಳಬಹುದಿತ್ತು,
ಹುಬ್ಬಳ್ಳಿಯ ಫೈನಲ್‌ನ್ಯಾಗ ಈ ನನ್ನ ಎಡಗಾಲು
ನಮ್ಮ ಬಲಿಯೊಳಗ ಚೆಂಡು ದಬ್ಬಿದ ದಿವಸ
ಕಮಿಟಿಯವರ ಮುಂದ ಎಜ್ರಾ ಮಾಸ್ತರ
'ಹಿಂದಕ್ಕ ಕೊಡು ಅಂತ ನಾನ ಕೂಗಿದ್ದೆ' ಅಂದದ್ದು.
ಕೂಗಿರಲಿಲ್ಲ.
ಬಾಯ್ತುಂಬ ಎಲಿ-ಅಡಕಿ ಇತ್ತು, ಕೂಗೂದು ಹೆಂಗ?
ಹೇಳಲಿಲ್ಲ. ಹೇಳಿದ್ರ ಸೋಲಿನ ಪಟ್ಟಿಗೆ
ಮೂವತ್ತೊಂದು ವರ್ಷದ ಹಳೇದೊಂದು ಸೇರ್ತಿತ್ತು,
ಕಳಕಪ್ಪ ಬರಕೊಳ್ಳತಿದ್ದ.

ಹತ್ತು ಗಂಟಿಗೆ ಕರಡು ತಗದೆ, ಒಂದ ಪ್ರತಿ.
ಮ್ಯಾಲ ದಪ್ಪಕ್ಷರದಾಗ 'ಎಜ್ರಾ ಮಾಸ್ತರನ್ನ',
ಕೆಳಗ ಅಳಿಸಿ ಅಳಿಸಿ ಉಳಿದ ಬಿಳಿ ಜಾಗ,
ತುದಿಗೆ 'ಇಂತಿ, ಅಭಿಮಾನಿಗಳು'.
ದೊಂಡೂಸಾ ಮುಂಗಡದ ಇನ್ನೂರು ಮೇಜಿನ ಮ್ಯಾಲಿಟ್ಟ,
ಕರಡು ಓದಿದ, ರೊಕ್ಕ ತಿರುಗಿ ಕಿಸೆಕ್ಕ ಹಾಕಿದ.
'ಮುಂದಿನ ರವಿವಾರ ನೋಡೂಣು.'

ಮುಂದಿನ ರವಿವಾರ ಎರಡು–ಒಂದು. ಸೋತ್ವಿ.
ಆದ್ರ ಆ ಒಂದಕ್ಕ
ಕಳಕಪ್ಪನ ಚೀಟಿ ಗಾಳಿಗೆ ಹಾರಿಹೋತು,
ಹಿಡಿಯಾಕ ಯಾರೂ ಏಳಲಿಲ್ಲ,
ಎಲ್ಲಾರೂ ಮೊದಲ ಎದ್ದು ನಿಂತಿದ್ರು.

ಸೋಮವಾರ ಬಂದ ದೊಂಡೂಸಾ, ದನಿ ಬಿದ್ದುಹೋಗಿತ್ತು.
ಕೈಸನ್ನಿಲೆ ಕೇಳಿದ: ಆ ಕರಡು?
'ಐತಿ,' ಅಂದೆ, 'ಮಸಿ ಒರಸೂ ಅರಬಿ ಕೆಳಗ.'
ಇರಲಿ, ಅನ್ನೂಹಂಗ ಅಂಗೈ ತೋರಿಸಿದ.
ಕರಡೋ ಮಾಸ್ತರೋ,
ನಾ ಕೇಳಲಿಲ್ಲ.